ಒಂದೇ ಬಳ್ಳಿಯ ಎರಡು ಬುರುಡೆ

ಮಿರಜ

ಸಮುದ್ರ ದಾಟಿ ಹೋಗಿಬಂದವನನ್ನು ಜನ ಏನೇನೋ ಕೇಳುತ್ತಾರೆಂದು ನಾನು ಹಡಗಿನಲ್ಲಿದ್ದಾಗಲೇ ಉತ್ತರ ಹೊಂದಿಸಿಟ್ಟುಕೊಂಡಿದ್ದೆ. ಆಫ್ರಿಕಾದ ಮಂದಿ ಹೇಗಿದ್ದಾರೆ, ಅಲ್ಲಿನ ರಾಜ ಎಂಥವನು, ತಿಮಿಂಗಿಲ ಕಂಡಿತೇ ಎಂದು ಕೇಳಿದ್ದರೆ ಒಂದು ತಾಸು ಮಾತಾಡುತ್ತಿದ್ದೆ. ನಮ್ಮ ಮಿರಜದ ಪೇಟೆಯವರು ಕೇಳಿದ್ದು ಒಂದೇ ಮಾತು.

“ಅದೆಲ್ಲಾ ಇರ್ಲಿ ಗುರುಬಸಪ್ಪಾ, ಹಡಗಿನ್ಯಾಗ ಹೊರಕಡೆಗೆ ಎಲ್ಲಿ ಕುಂದರ್ತಿದ್ರಿ?”

ಸ್ಟೇಶನ್ನಿನ ಚಹಾ ಅಂಗಡಿಯವ ಕೇಳಿದ. ಮಾಲಗಾಂವದಿಂದ ದ್ರಾಕ್ಷಿ ತರುವ ಮುದುಕ ಬಂಡಿ ನಿಲ್ಲಿಸಿ ಕೇಳಿದ. ನಮ್ಮ ಮಠದ ಅಯ್ಯನವರು ಮೊದಲು ವಿಭೂತಿ ಕೊಟ್ಟು, ಆಮೇಲೆ ಆ ಕಡೆ ಈ ಕಡೆ ನೋಡಿ ಮೆಲ್ಲಗೆ ಕೇಳಿದರು. ಎಲ್ಲರಿಗೂ ಒಮ್ಮೆಲೇ ಹೇಳಿ ಮುಗಿಸೋಣವೆಂದು ಬರೆಯಲು ಕುಳಿತಿದ್ದೇನೆ. ಹಾಯಿಹಡಗಿನಲ್ಲಿ ದೂರ ಹೋಗುವ ಮನಸ್ಸು ಯಾರಿಗಾದರೂ ಇದ್ದರೆ ನನ್ನ ಬುದ್ಧಿವಾದವೂ ಇದರಲ್ಲೇ ಸಿಗುತ್ತದೆ. ಮೊದಲ ಬುದ್ಧಿವಾದ: ಆ ಮನಸ್ಸನ್ನು ಬಿಡಿ.

ನಮ್ಮದು ಸೋರೆಬುರುಡೆಯ ವ್ಯಾಪಾರ. ಪರವೂರಿನವರು ಇದನ್ನು ಕೇಳಿದರೆ ನಗುತ್ತಾರೆ, ನಗಲಿ. ಈ ಸೋರೆ ತಿನ್ನುವುದಲ್ಲ, ವಿಷದಂಥ ಕಹಿ. ಬಳ್ಳಿಯಲ್ಲೇ ಬಲಿತು ಒಣಗಿದರೆ ಸಿತಾರಿಗೆ, ತಂಬೂರಿಗೆ ಹೊಟ್ಟೆಯಾಗುತ್ತದೆ. ಮಿರಜದಲ್ಲಿ ಒಂದು ಓಣಿ ತುಂಬ ಈ ವಾದ್ಯ ಮಾಡುವವರೇ ಇದ್ದಾರೆ. ನಮ್ಮ ಅಪ್ಪ ಪಂಢರಪುರದ ಕಡೆಯಿಂದ ಬುರುಡೆಗಳನ್ನು ಬಂಡಿಯಲ್ಲಿ ತಂದು ಅವರಿಗೆ ಮಾರುತ್ತಿದ್ದ. ನಾನು ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡ. ಆಗ ನನ್ನನ್ನು ಕರೆದು ಕೂಡಿಸಿಕೊಂಡು ಕಸುಬು ಕಲಿಸಿದವರು ತಂಬೂರಿ ಮಾಡುವ ಕಾಸೀಮ ಚಾಚಾ.

“ಬುರುಡಿ ಕಣ್ಣಿಲೆ ತಗೋಬ್ಯಾಡ ಬೇಟಾ, ಕಿವೀಲೆ ತಗೋ” ಎನ್ನುತ್ತಿದ್ದರು. ನಡುಬೆರಳು ಮಡಚಿ ಮೂರು ಕಡೆ ಬಡಿಯಬೇಕು: ಕೊರಳಿಗೊಂದು, ಹೊಟ್ಟೆಗೊಂದು, ತಳಕ್ಕೊಂದು. ಕೆಟ್ಟ ಬುರುಡೆ ಬಡಿದ ಕೂಡಲೇ ಒದರುತ್ತದೆ. ಒಳ್ಳೆಯದು ಸ್ವಲ್ಪ ತಡೆದು, ಯೋಚಿಸಿ ಮಾತಾಡುತ್ತದೆ. ಇದನ್ನು ಕಲಿತ ಮೇಲೆ ನನ್ನ ಬೆರಳು ನನ್ನ ಕೈಯಲ್ಲಿ ಉಳಿಯಲಿಲ್ಲ. ಕಲ್ಲಂಗಡಿ ಬಡಿಯುತ್ತೇನೆ, ಕೊಡ ಬಡಿಯುತ್ತೇನೆ, ಯಾರದೇ ಮನೆಗೆ ಹೋದರೂ ಬಾಗಿಲು ಬಡಿದು ಕಟ್ಟಿಗೆ ಯಾವುದೆಂದು ಹೇಳುತ್ತೇನೆ. ನನ್ನ ಮದುವೆಯಲ್ಲಿ ದೇವರ ಮುಂದೆ ಕೂಡಿಸಿದ ಐರಾಣಿ ಗಡಿಗೆಯನ್ನೂ ಬಡಿದು ನೋಡಿದೆನೆಂದು ಹೆಂಡತಿ ಪಾರ್ವತಿ ಇಂದಿಗೂ ಆಡಿಕೊಳ್ಳುತ್ತಾಳೆ.

ಚಾಚಾ ಒಂದು ದಿನ ಕೈ ಮುಂದೆ ಚಾಚಿದರು. ಬೆರಳುಗಳು ನಡುಗುತ್ತಿದ್ದವು.

“ಈ ಕೈಯಾಗ ಇನ್ನ ಒಂದು ಜೋಡಿ ತಂಬೂರಿ ಐತಿ ಗುರಬಸಾ. ಹೆಚ್ಚಿಲ್ಲ. ಅದನ್ನ ಹಂಗ ಹಿಂಗ ಮಾಡಂಗಿಲ್ಲ. ನಮ್ಮ ಅಜ್ಜನ ಕಾಲಕ್ಕ ಜಂಜಿಬಾರದ ಬುರುಡಿ ಬರ್ತಿದ್ವು. ಗ್ವಾಡಿ ಹೆಬ್ಬಟ್ಟಿನಷ್ಟು ದಪ್ಪ. ಅಂಥಾವು ಎರಡು ಬೇಕು. ಒಂದ ಬಳ್ಳೀವು ಇರಬೇಕು, ಅಕ್ಕತಂಗೇರು ಹಾಡಿದಂಗ ಕೇಳಬೇಕು.”

“ತಂದು ಕೊಡ್ತೀನ್ರಿ ಚಾಚಾ” ಅಂದುಬಿಟ್ಟೆ. ಜಂಜಿಬಾರ ಎಲ್ಲಿದೆ ಎಂದು ಕೇಳಿದ್ದು ಆಮೇಲೆ. ಮುಂಬಯಿಯ ವ್ಯಾಪಾರಿಗಳಿಗೆ ಬರೆದೆ. ಆ ಮಾಲು ಬರುವುದು ನಿಂತು ಎಷ್ಟೋ ವರ್ಷವಾಯಿತೆಂದು ಉತ್ತರ ಬಂತು. ಸ್ಟೀಮರಿನ ಕಾರಕೂನ, ಬುರುಡೆಗಳ ಮೇಲೆ ಕಬ್ಬಿಣ ಹೇರುವುದಿಲ್ಲ ಎಂದು ಬರೆದುಕೊಡಲು ಒಪ್ಪಲಿಲ್ಲ. ಉಳಿದದ್ದು ಹಾಯಿಹಡಗು.

ಪಾರ್ವತಿ ಸುದ್ದಿ ಕೇಳಿ ಹಿಟ್ಟಿನ ಕೈ ಸೊಂಟಕ್ಕಿಟ್ಟಳು. “ಕೃಷ್ಣಾ ಹೊಳಿ ದಾಟೂದಕ್ಕ ಎಮ್ಮಿ ಬಾಲ ಹಿಡೀತೀರಿ. ಸಮುದ್ರದಾಗ ಯಾರ ಬಾಲ ಹಿಡೀತೀರಿ?” ಅಂದಳು. ಬೈದಳು, ಅತ್ತಳು, ಆಮೇಲೆ ಎಂಟು ದಿನ ಒಲೆಯ ಮುಂದೆ ಕುಳಿತು ಖಡಕ್ ರೊಟ್ಟಿ ಬಡಿದಳು.

ರತ್ನಾಗಿರಿ

ಜೊತೆಗೆ ಪದ್ಮಣ್ಣ ಬಂದ. ಕವಲಾಪುರದ ಜೈನ, ನನ್ನ ಬಾಲ್ಯದ ಗೆಳೆಯ, ಸಾಂಗಲಿ ಪೇಟೆಯಲ್ಲಿ ಅರಿಷಿಣದ ದಲಾಲಿ. ಜಂಜಿಬಾರದಲ್ಲಿ ಅರಿಷಿಣಕ್ಕೆ ಗಿರಾಕಿ ಇದೆಯೆಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವವನಲ್ಲ, ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವವನಲ್ಲ, ನೆಲದೊಳಗೆ ಬೆಳೆದದ್ದನ್ನು ಮುಟ್ಟುವವನಲ್ಲ. ಆದರೂ ಅರಿಷಿಣದ ವ್ಯಾಪಾರಕ್ಕೆ ಅಡ್ಡಿಯಿಲ್ಲ. ಕೇಳಿದರೆ, “ನಾ ಮಾರತೀನಿ, ತಿನ್ನಂಗಿಲ್ಲೋ” ಎನ್ನುತ್ತಾನೆ.

ನಮ್ಮ ಹಡಗು ಕೋಟಿಯಾ, ಎರಡು ಕಂಬದ ದೊಡ್ಡ ಮರದ ಹಡಗು. ಸ್ಟೀಮರನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದ ನನಗೆ ಅದು ನಮ್ಮೂರಿನ ಕಬ್ಬಿನ ಬಂಡಿಗೆ ಧೋತರ ಕಟ್ಟಿದ ಹಾಗೆ ಕಂಡಿತು. ಅದರ ಯಜಮಾನ ತಾಂಡೇಲ ಇಸ್ಮಾಯಿಲ್, ಮಾತು ಕಡಿಮೆ, ಗಡ್ಡ ಹೆಚ್ಚು. ಅವನೂ ಅವನ ಆಳುಗಳೂ ಆಡುತ್ತಿದ್ದುದು ಕೊಂಕಣದ ಮರಾಠಿ. ನನಗೆ ನಮ್ಮ ಭಾಷೆಯಲ್ಲೇ ಬರೆಯುವುದು ಸಲೀಸು. ತಾಂಡೇಲ ನಮ್ಮ ಸಾಮಾನು ನೋಡಿದ. ನನ್ನದೊಂದು ತಗಡಿನ ಟ್ರಂಕು, ಹಾಸಿಗೆ ಸುರುಳಿ, ಛತ್ರಿ, ರೊಟ್ಟಿಯ ಎರಡು ಗಂಟು, ರೊಟ್ಟಿಯ ಜೊತೆಗೆ ನಂಜಿಕೊಳ್ಳುವ ಅಗಸಿ ಹಿಂಡಿಯ ಡಬ್ಬಿ. ಪದ್ಮಣ್ಣನದು ಹೇಳಲೇ ಬಾರದು, ಒಂದು ಬೀಸುಕಲ್ಲು ತಂದಿದ್ದ.

“ಟ್ರಂಕು ಇಲ್ಲೇ ಬಿಡ್ರಿ” ಅಂದ ತಾಂಡೇಲ. “ಹಡಗು ವಾಲಿದಾಗ ಅದು ಓಡಾಡತೈತಿ. ಹೋದ ಸಲ ಒಬ್ಬ ಸೇಠನ ಟ್ರಂಕು ಅವನ ಕಾಲೇ ಮುರೀತು. ಬೀಸುಕಲ್ಲು ಇರ್ಲಿ, ಲಂಗರ ಕಳಕೊಂಡ್ರ ಬೇಕಾಗತೈತಿ.”

ಇದನ್ನು ಬರೆದುಕೊಳ್ಳಿ: ಹಾಯಿಹಡಗಿಗೆ ಗಟ್ಟಿ ಪೆಟ್ಟಿಗೆ ಬೇಡ, ಮೆತ್ತಗಿನ ಗೋಣಿಚೀಲ ಬೇಕು. ಛತ್ರಿ ಬೇಡ, ನನ್ನದು ಮೊದಲ ದಿನವೇ ನನಗಿಂತ ಮುಂದಾಗಿ ಆಫ್ರಿಕಾಕ್ಕೆ ಹೊರಟುಹೋಯಿತು. ನಿಂಬೆಕಾಯಿ ಎಷ್ಟು ತಂದರೂ ಸಾಲದು.

ಹಡಗಿನ ಅಡಿಗೆಯವನ ಹೆಸರು ಧೋಂಡು. ಮಾಲವಣದವನು, ಕಡ್ಡಿಯಂಥ ಮೈ, ಬಾಯಿ ಮಾತ್ರ ಭಾರಿ. ನನ್ನ ಗಂಟು ಬಿಚ್ಚಿ ಒಂದು ಖಡಕ್ ರೊಟ್ಟಿ ತೆಗೆದು, ಹಲ್ಲಿನಿಂದ ಕಚ್ಚಿ ನೋಡಿ, ಎಲ್ಲರಿಗೂ ಎತ್ತಿ ತೋರಿಸಿದ.

“ತಾಂಡೇಲರ, ಕೆಳಗ ಹಂಚು ತುಂಬೇವಿ. ಈ ಸೇಠರು ಮ್ಯಾಲೂ ಹಂಚು ತಂದಾರ!”

ಹಡಗಿಗೆ ಹಡಗೇ ನಕ್ಕಿತು. ಹೆಂಡತಿ ಎಂಟು ದಿನ ಬಡಿದ ರೊಟ್ಟಿ! ನನಗೆ ಮೈ ಉರಿದುಹೋಯಿತು. ಅಂದಿನಿಂದ ನನಗೂ ಧೋಂಡುವಿಗೂ ಹಾವು ಮುಂಗುಸಿ.

ನೀರಿನ ಮೇಲೆ

ಈಗ ಆ ಪ್ರಶ್ನೆ. ಹಡಗಿನ ಹಿಂಬದಿಯಲ್ಲಿ, ಹೊರಗೆ, ಸಮುದ್ರದ ಮೇಲೆ ಒಂದು ಮರದ ಪೆಟ್ಟಿಗೆಯನ್ನು ಹಗ್ಗದಿಂದ ತೂಗುಹಾಕಿರುತ್ತಾರೆ. ತಳದಲ್ಲಿ ಒಂದು ಕಿಂಡಿ. ಕಟಕಟೆ ಹತ್ತಿ, ದೇವರನ್ನು ನೆನೆದು, ಅದರೊಳಗೆ ಇಳಿದು ಕೂಡಬೇಕು. ಕೆಳಗೆ ನೀರು, ಮೇಲೆ ಆಕಾಶ, ನಡುವೆ ನೀವು. ಹಡಗು ಎದ್ದರೆ ಆಕಾಶಕ್ಕೆ ಹೋಗುತ್ತೀರಿ. ಬಿದ್ದರೆ ಸಮುದ್ರವೇ ಬಂದು ನಿಮ್ಮನ್ನು ತೊಳೆದು ಹೋಗುತ್ತದೆ. ಮೊದಲ ಮೂರು ದಿನ ನಾನು ಹೋಗಲೇ ಇಲ್ಲ. ನಾಲ್ಕನೆಯ ದಿನ ಪದ್ಮಣ್ಣ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿ ತನ್ನ ಕೈಗೆ ಸುತ್ತಿಕೊಂಡು, ಮುಖ ಆಚೆ ಮಾಡಿ ಕುಳಿತ. ಹೀಗೆ ಒಬ್ಬರನ್ನೊಬ್ಬರು ಎಮ್ಮೆ ಮೇಯಿಸಿದಂತೆ ಕಾಯುತ್ತ ನಾವು ಸಮುದ್ರ ದಾಟಿದೆವು. ಅಯ್ಯನವರೇ, ಸಮಾಧಾನವಾಯಿತೇ?

ವಾಂತಿಯ ವಿಷಯ ಹೆಚ್ಚು ಬರೆಯುವುದಿಲ್ಲ. ಪದ್ಮಣ್ಣ ಮೊದಲ ಮೂರು ದಿನ ಮಲಗಿಯೇ ಇದ್ದ. “ಗುರಬಸಾ, ಊರಿಗೆ ಹೋದ್ರ ನಮ್ಮ ಅವ್ವಗ ಹೇಳು, ಹೊತ್ತು ಮುಳುಗಿದ ಮ್ಯಾಲ ಏನೂ ತಿಂದಿಲ್ಲ ಅಂತ” ಎಂದು ನರಳಿದ. ಹಗಲೂ ಏನೂ ತಿಂದಿರಲಿಲ್ಲ ಬಿಡಿ. ಹೊಟ್ಟೆ ತೊಳಸುವವರಿಗೆ ನನ್ನ ಅನುಭವದ ಔಷಧ: ಒಳಗೆ ಮಲಗಬೇಡಿ, ಕಂಬದ ಬುಡದಲ್ಲಿ ಮಲಗಿ, ಅಲೆ ನೋಡಬೇಡಿ, ದೂರದ ಗೆರೆ ನೋಡಿ, ಖಾಲಿ ಹೊಟ್ಟೆಯಲ್ಲಿ ಇರಬೇಡಿ, ಒಣ ರೊಟ್ಟಿ ಅಗಿಯುತ್ತಿರಿ.

ಪದ್ಮಣ್ಣ ಎದ್ದು ಕುಳಿತ ಮೇಲೆ ಬೇರೆ ಗೋಳು ಶುರುವಾಯಿತು. ಹಡಗಿನಲ್ಲಿ ಒಲೆ ಒಂದೇ, ಮಣ್ಣು ತುಂಬಿದ ಪೆಟ್ಟಿಗೆಯ ಮೇಲೆ. ಧೋಂಡು ರಾತ್ರಿಯ ಊಟ ಬಡಿಸುತ್ತಿದ್ದುದು ದೀಪ ಹಚ್ಚಿದ ಮೇಲೆ. ಇವನಿಗೆ ಹೊತ್ತು ಮುಳುಗುವ ಮೊದಲು ಬೇಕು. “ಸೂರ್ಯಾಗ ಸ್ವಲ್ಪ ತಡಿ ಅಂತ ಹೇಳ್ರಿ” ಎಂದು ಧೋಂಡು ಹಲ್ಲು ಕಿರಿಯುತ್ತಿದ್ದ. ಪದ್ಮಣ್ಣ ಅಂದಾಜಿನ ಮನುಷ್ಯ. ಪಶ್ಚಿಮಕ್ಕೆ ಹೋಗುತ್ತಿರುವ ಕಾರಣ ದಿನ ದಿನವೂ ಹೊತ್ತು ತುಸು ತಡವಾಗಿ ಮುಳುಗಿ ಲಾಭವೇ ಆಗುತ್ತಿರಬೇಕೆಂದು ಲೆಕ್ಕ ಹಾಕಿ ಹಸಿವನ್ನು ಸಮಾಧಾನ ಮಾಡುತ್ತಿದ್ದ.

ಇನ್ನೊಂದು ಸಂಕಟವೆಂದರೆ, ಯಾವಾಗ ಮುಟ್ಟುತ್ತೇವೆಂದು ಯಾರೂ ಹೇಳುವುದಿಲ್ಲ. ನಮ್ಮ ಮಿರಜ ಸ್ಟೇಶನ್ನಿನಲ್ಲಿ ಗಾಡಿ ಎಷ್ಟೇ ತಡವಾಗಲಿ, ಮಾಸ್ತರ ಫಲಕದ ಮೇಲೆ ಏನಾದರೂ ಒಂದು ಸುಳ್ಳನ್ನಾದರೂ ಬರೆಯುತ್ತಾನೆ. ತಾಂಡೇಲನನ್ನು ಕೇಳಿದರೆ ಗಾಳಿ ನೋಡುತ್ತಾನೆ, ಗಡ್ಡ ಕೆರೆಯುತ್ತಾನೆ, “ಮುಟ್ಟತೇವಿ” ಅನ್ನುತ್ತಾನೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಮೂರನೆಯ ವಾರದಲ್ಲಿ ಒಂದು ದೊಡ್ಡ ತೆರೆ ಒಳಗೆ ನುಗ್ಗಿ ಅಕ್ಕಿಯ ಚೀಲಗಳು ಉಪ್ಪುನೀರಿನಲ್ಲಿ ನೆನೆದವು. ಧೋಂಡು ಅವನ್ನು ಒಣಗಿಸಿ ಬೇಯಿಸಿದ; ಬಾಯಿಗಿಟ್ಟವರೆಲ್ಲ ಕಟಕಟೆಗೆ ಓಡಿದರು. ಆಗ ತಾಂಡೇಲ ನನ್ನ ಹತ್ತಿರ ಬಂದು, ಮೊದಲ ಬಾರಿಗೆ ಮೆತ್ತಗಿನ ದನಿಯಲ್ಲಿ, “ಸೇಠ್, ಆ ಹಂಚು ಉಳದಾವೇನು?” ಅಂದ. ಪಾರ್ವತಿಯ ರೊಟ್ಟಿ, ಅಗಸಿ ಹಿಂಡಿ, ಮೇಲೊಂದು ನಿಂಬೆಹಣ್ಣಿನ ಹೋಳು. ಹಡಗಿಗೆ ಹಡಗೇ ಹತ್ತು ದಿನ ಅದರ ಮೇಲೆ ಬದುಕಿತು. ನೀರು ಚಿಮುಕಿಸಿದರೆ ಮೆತ್ತಗಾಗುತ್ತದೆ, ಚಿಮುಕಿಸದಿದ್ದರೆ ಆರು ತಿಂಗಳಾದರೂ ಕೆಡುವುದಿಲ್ಲ. ದೂರ ಹೋಗುವವರೇ, ಖಡಕ್ ರೊಟ್ಟಿಯ ಮುಂದೆ ಬೇರೆ ಯಾವ ಬುತ್ತಿಯೂ ಇಲ್ಲ. ಧೋಂಡು ಮಾತ್ರ ಎರಡು ದಿನ ಉಪವಾಸ ಕುಳಿತ. ಮೂರನೆಯ ದಿನ ನನಗೆ ಬೆನ್ನು ತಿರುಗಿಸಿಕೊಂಡು ತಿಂದ. ಕಟಕಟ ಸಪ್ಪಳ ನನಗೆ ಕೇಳಿಸಿತು, ಬಹಳ ಹಿತವಾಯಿತು.

ಜಂಜಿಬಾರ

ಬಂದರದ ಕಚೇರಿಯಲ್ಲಿ ಟೊಪ್ಪಿಗೆಯ ಸಾಹೇಬನೊಬ್ಬ ನನ್ನ ಕಾಗದ ಹಿಡಿದು ಯಾವ ದೇಶವೆಂದು ಕೇಳಿದ. ಮಿರಜ ಸಂಸ್ಥಾನ ಅಂದೆ. ಗೋಡೆಯ ನಕಾಶೆಯಲ್ಲಿ ಹುಡುಕಿದ, ಸಿಗಲಿಲ್ಲ. ಮಿರಜದೊಳಗೇ ಎರಡು ಸಂಸ್ಥಾನವಿದೆ, ಹಿರಿಯದು ಕಿರಿಯದು, ನಾನು ಹಿರಿಯದರವನು ಎಂದು ತಿಳಿಸಿ ಹೇಳಿದೆ. ಅವನು ನನ್ನ ಮುಖ ನೋಡಿದ. ಪದ್ಮಣ್ಣ ಮುಂದೆ ಬಂದು ತಾನು ಸಾಂಗಲಿ ಸಂಸ್ಥಾನದವನು, ಅದು ಬೇರೆ, ಆರು ಮೈಲು ಅಷ್ಟೇ ದೂರ ಅಂದ. ಸಾಹೇಬ ಪೆನ್ನು ಕೆಳಗಿಟ್ಟು ನೀರು ಕುಡಿದ. ಕೊನೆಗೆ ಇಬ್ಬರಿಗೂ ‘ಮುಂಬಯಿ’ ಎಂದು ಬರೆದು ಆಚೆ ಕಳಿಸಿದ. ನಮ್ಮಿಬ್ಬರ ಅಭಿಮಾನಕ್ಕೂ ಪೆಟ್ಟು ಬಿತ್ತು.

ಆದರೆ ಊರು ನೋಡಿದರೆ ಪರದೇಶ ಅನ್ನಿಸಲಿಲ್ಲ. ಇಲ್ಲೂ ಒಬ್ಬ ರಾಜ, ಸುಲ್ತಾನನೆನ್ನುತ್ತಾರೆ. ರಾಜನ ಪಕ್ಕದಲ್ಲಿ ಒಬ್ಬ ಸಾಹೇಬ. ರಾಜನ ಮೋಟಾರು ಬಂದರೆ ಜನ ಬದಿಗೆ ಸರಿದು ಕೈ ಮುಗಿದು, ಹೋದ ಮೇಲೆ ನಗುತ್ತಾರೆ. ಥೇಟ್ ನಮ್ಮಂತೆ. ಊರಿಗೆಲ್ಲ ಲವಂಗದ ವಾಸನೆ. ಬಾಗಿಲುಗಳು ಎಂಥ ಬಾಗಿಲುಗಳು! ಕಿತ್ತಳೆ ಮಾರುವವನ ಮನೆಗೂ ನಮ್ಮ ಅರಮನೆಯ ಬಾಗಿಲು. ನಾನು ನಾಲ್ಕೈದು ಬಡಿದು ನೋಡಿದೆ. ಒಂದು ತೆರೆಯಿತು, ಒಳಗಿನವರು ಅತಿಥಿ ಬಂದನೆಂದು ಕೂಡಿಸಿ ಕಾಫಿ ಕೊಟ್ಟರು. ಮಿರಜದಲ್ಲಿ ಹೀಗೆ ಬಾಗಿಲು ಬಡಿದರೆ ಯಾರು, ಏನು, ಯಾಕೆ ಎಂದು ಮೂರು ಪ್ರಶ್ನೆ ಕೇಳಿ ಆಮೇಲೆ ಯಜಮಾನ ಮನೆಯಲ್ಲಿಲ್ಲ ಎನ್ನುತ್ತಾರೆ.

ಬುರುಡೆ ಹುಡುಕಿಕೊಂಡು ಹಳ್ಳಿಗಳಿಗೆ ಹೋದೆ. ಹಿಂದುಸ್ತಾನಿ ಬಲ್ಲ ಕಚ್ಛಿ ಅಂಗಡಿಯವನೊಬ್ಬ ಜೊತೆಗಿದ್ದ. ಅಲ್ಲಿ ನೀರಿಗೆ, ಹಾಲಿಗೆ, ಕಾಳಿಗೆ, ಎಲ್ಲಕ್ಕೂ ಬುರುಡೆಯೇ. ನಾನು ಮನೆಮನೆಯ ಮುಂದೆ ಕುಳಿತು ಕಿವಿ ಹಚ್ಚಿ ಬಡಿಯತೊಡಗಿದೆ. ಜನ ಸೇರಿತು. ಒಬ್ಬ ಮುದುಕ ಸ್ವಲ್ಪ ಹೊತ್ತು ನೋಡಿ, ಮುಂದೆ ಬಂದು, ಹೊದ್ದ ಬಟ್ಟೆ ಸರಿಸಿ ಎದೆ ತೋರಿಸಿ ಕುಳಿತುಬಿಟ್ಟ. ಮಿರಜದ ದವಾಖಾನೆಯ ಡಾಕ್ಟರು ಹೀಗೇ ಬಡಿಯುವುದನ್ನು ನೋಡಿದ್ದೆನಲ್ಲ, ಬೇಡವೆಂದರೆ ಮುದುಕನಿಗೆ ಬೇಸರವಾದೀತೆಂದು ಮೂರು ಕಡೆ ಬಡಿದೆ. ಒಳ್ಳೆಯ ಎದೆ, ತಡೆದು ಮಾತಾಡುವಂಥದು. ಚೆನ್ನಾಗಿದೆ ಅಂದೆ. ಅವನ ಹಿಂದೆ ಸಾಲು ನಿಂತಿತು. ಅಂದು ಬುರುಡೆಗಿಂತ ಎದೆಗಳನ್ನೇ ಹೆಚ್ಚು ಬಡಿದೆ.

ವ್ಯಾಪಾರಕ್ಕೆ ಸಾಕಾಗುವಷ್ಟು ಬುರುಡೆ ಸಿಕ್ಕವು. ಚಾಚಾ ಕೇಳಿದ ಜೋಡಿ ಮಾತ್ರ ಸಿಗಲಿಲ್ಲ. ಹೊರಡಲು ನಾಲ್ಕು ದಿನವಿದೆ ಎನ್ನುವಾಗ ಒಬ್ಬ ಅಜ್ಜಿಯ ಗುಡಿಸಲಿನ ಜಂತೆಯಲ್ಲಿ ಎರಡು ನೇತಾಡುತ್ತಿದ್ದುದು ಕಂಡಿತು. ಒಂದೇ ಬಳ್ಳಿಯವು, ತೊಟ್ಟಿಗೆ ಅದೇ ಒಣಬಳ್ಳಿಯ ತುಂಡು ಇನ್ನೂ ಅಂಟಿಕೊಂಡಿತ್ತು. ಬಡಿದೆ. ಮೈ ಝುಂ ಎಂದಿತು. ಒಂದು ಮಾತಾಡಿದರೆ ಇನ್ನೊಂದು ಹೂಂಗುಟ್ಟಿತು. ಅಜ್ಜಿಗೆ ನಾಣ್ಯ ಬೇಡವಂತೆ. ನನ್ನ ಸೊಂಟದ ಕಡೆ ಬೆರಳು ತೋರಿಸಿದಳು. ಅಲ್ಲಿ ನನ್ನ ಹಿತ್ತಾಳೆಯ ತಂಬಿಗೆ ಕಟ್ಟಿಕೊಂಡಿದ್ದೆ.

“ಕೊಡೋ, ಏನ್ ನೋಡ್ತಿ!” ಅಂದ ಪದ್ಮಣ್ಣ.

“ತಂಬಿಗಿ ಕೊಟ್ರ ಹಡಗಿನ್ಯಾಗ ಆ ಪೆಟಗ್ಯಾಗ ಏನ್ ಮಾಡ್ಲೋ?”

“ಅಲ್ಲಿ ಸಮುದ್ರ ಇರತೈತಲ್ಲೋ ಮಾರಾಯ, ತಾನ ಬರತೈತಿ.”

ತಂಬಿಗೆ ಕೊಟ್ಟೆ. ಅಜ್ಜಿ ಅದನ್ನು ಬೆರಳಿನಿಂದ ಬಡಿದು ನೋಡಿ, ತಲೆದೂಗಿ ಒಳಗೆ ಇಟ್ಟುಕೊಂಡಳು.

ಮರಳಿ ನೀರಿನ ಮೇಲೆ

ಗಾಳಿ ತಿರುಗಿತು, ನಾವೂ ತಿರುಗಿದೆವು. ಮಳೆಗಾಲ ಶುರುವಾಗುವ ಮೊದಲೇ ದಡ ಸೇರಬೇಕು. ಹಡಗಿನ ಹೊಟ್ಟೆಯಲ್ಲಿ ಮರದ ಗಳ, ತೆಂಗಿನಕಾಯಿ, ಲವಂಗ. ಅವುಗಳ ನಡುವೆ ನಾರಿನಲ್ಲಿ ಹುದುಗಿಸಿದ ನನ್ನ ಬುರುಡೆಗಳು. ಆ ಜೋಡಿಯನ್ನು ಮಾತ್ರ ಕೆಳಗೆ ಹಾಕಲು ಮನಸ್ಸಾಗಲಿಲ್ಲ. ಮೇಲೆ ನನ್ನ ಹಾಸಿಗೆಯಲ್ಲೇ ಇಟ್ಟುಕೊಂಡು, ಕೊರಳಿಗೆ ಹಗ್ಗ ಕಟ್ಟಿ ನನ್ನ ಎರಡೂ ಪಕ್ಕ ಮಲಗಿಸಿಕೊಳ್ಳುತ್ತಿದ್ದೆ. “ಸೇಠರಿಗೆ ಇಬ್ಬರು ಹೆಂಡರು” ಎಂದು ಧೋಂಡು ಹಾಡು ಕಟ್ಟಿದ. ಸೊಂಟದ ಮೇಲೆ ಕೈಯಿಟ್ಟು ಕುಣಿದು ತೋರಿಸುತ್ತಿದ್ದ. ಅವನನ್ನು ಎತ್ತಿ ಸಮುದ್ರಕ್ಕೆ ಎಸೆಯಬೇಕೆಂದು ನನಗೆ ಎಷ್ಟು ಸಲ ಅನ್ನಿಸಿತೋ ಶಿವನೇ ಬಲ್ಲ.

ಶಿವ ಅದನ್ನು ಕೇಳಿಸಿಕೊಂಡನೋ ಏನೋ. ಹನ್ನೆರಡನೆಯ ದಿನ ಬೆಳಿಗ್ಗೆ, ಗಾಳಿ ಜೋರಾಗಿತ್ತು, ಧೋಂಡು ಹಾಡುತ್ತಲೇ ಹಿಂಬದಿಯ ಪೆಟ್ಟಿಗೆಗೆ ಹೋದ. ಸ್ವಲ್ಪ ಹೊತ್ತಿಗೆ ಪಟ್ಟೆಂದು ಸಪ್ಪಳ. ಹಾಡು ನಿಂತಿತು. ಒಂದು ಕಡೆಯ ಹಗ್ಗ ಹರಿದು ಪೆಟ್ಟಿಗೆ ತಲೆಕೆಳಗಾಗಿ ಜೋತಾಡುತ್ತಿತ್ತು. ಧೋಂಡು ಹಿಂದೆ ನೀರಿನಲ್ಲಿ ಕೈ ಬಡಿಯುತ್ತಿದ್ದ. ಹುಟ್ಟಿದಾಗಿನಿಂದ ಸಮುದ್ರದ ಮೇಲಿದ್ದವನಿಗೆ ಈಜು ಬರುತ್ತಿರಲಿಲ್ಲ.

ತಾಂಡೇಲ ಕೂಗಿದ, ಆಳುಗಳು ಹಾಯಿ ಇಳಿಸಲು ಓಡಿದರು, ಇಬ್ಬರು ಹಿಂದೆ ಕಟ್ಟಿದ ಸಣ್ಣ ದೋಣಿಯ ಹಗ್ಗ ಎಳೆಯತೊಡಗಿದರು. ಅದೆಲ್ಲ ಆಗಲು ಹೊತ್ತು ಬೇಕು. ಅಷ್ಟರೊಳಗೆ ಅವನ ಕೈಗೆ ತೇಲುವಂಥದು ಏನಾದರೂ ಸಿಗಬೇಕು. ಕೃಷ್ಣೆಯ ದಂಡೆಯ ನಮ್ಮ ಕಡೆ ಈಜು ಕಲಿಯುವ ಹುಡುಗರ ಬೆನ್ನಿಗೆ ಏನು ಕಟ್ಟುತ್ತಾರೆ? ಒಣ ಸೋರೆಬುರುಡೆ. ಹಡಗಿನ ಮೇಲೆ ಕೈಗೆ ಸಿಗುವಂಥವು ಎರಡೇ ಇದ್ದವು. ಎರಡೂ ನನ್ನ ಕೈಯಲ್ಲಿದ್ದವು.

ಇಲ್ಲಿಂದ ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ಈ ಕಥೆಗೆ ಅರ್ಥವಿಲ್ಲ.

ಒಂದನ್ನು ಎಸೆಯಬೇಕು ಎಂದುಕೊಂಡೆ. ಯಾವುದನ್ನು? ಅಷ್ಟು ಅಂದುಕೊಳ್ಳುವುದರೊಳಗೆ ನನ್ನ ನಡುಬೆರಳು ಮಡಚಿಕೊಂಡಿತ್ತು. ಕೊರಳಿಗೊಂದು, ಹೊಟ್ಟೆಗೊಂದು, ತಳಕ್ಕೊಂದು ಬಡಿದೆ. ಅದನ್ನಿಟ್ಟು ಇನ್ನೊಂದನ್ನು ತೆಗೆದುಕೊಂಡೆ. ಕೊರಳಿಗೆ, ಹೊಟ್ಟೆಗೆ, ತಳಕ್ಕೆ. ಅಲ್ಲಿ ಮನುಷ್ಯ ಮುಳುಗುತ್ತಿದ್ದಾನೆ. ಇಲ್ಲಿ ನಾನು ಪಂಢರಪುರದ ಸಂತೆಯಲ್ಲಿ ಕುಳಿತವನ ಹಾಗೆ ಕಿವಿ ವಾಲಿಸಿಕೊಂಡು ನಿಂತಿದ್ದೇನೆ!

“ಏ ಗುರಬಸಾ!” ಪದ್ಮಣ್ಣ ಜೀವಮಾನದಲ್ಲಿ ಮೊದಲ ಸಲ ಒಬ್ಬರ ಮೇಲೆ ಕೈ ಮಾಡಿದ, ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟ. “ಅಲ್ಲಿ ಜೀವ ಹೋಗಾಕತ್ತೈತಿ, ಬಡದು ನೋಡ್ತೀಯೇನೋ! ಒಗಿಯೋ!”

ಮೊದಲು ಬಡಿದದ್ದು ತುಸು ಕಡಿಮೆ ಅನ್ನಿಸಿತ್ತು. ಅದನ್ನೇ ಎಸೆದೆ. ಗಾಳಿಗೆ ಹಾರಿ ಧೋಂಡುವಿನ ಹತ್ತಿರವೇ ಬಿತ್ತು. ಅವನು ಎರಡು ಕೈಯಿಂದ ಅವುಚಿಕೊಂಡ, ಮುಳುಗಿದ, ಮತ್ತೆ ಮೇಲೆ ಬಂದ. ಸಣ್ಣ ದೋಣಿ ಹೋಗಿ ಅವನನ್ನು ತಂದಿತು. ಹಡಗಿನ ಬದಿಗೆ ಬಂದಾಗಲೂ ಅವನು ಬುರುಡೆ ಬಿಡಲೊಲ್ಲ. ದೋಣಿಗೂ ಹಡಗಿಗೂ ನಡುವೆ ಸಿಕ್ಕು ಅದು ಟಳ್ಳೆಂದು ಎರಡು ಹೋಳಾಯಿತು. ಧೋಂಡು ಒಂದು ಹೋಳನ್ನು ಹಿಡಿದುಕೊಂಡೇ ಮೇಲೆ ಹತ್ತಿದ. ಮೈಮೇಲೆ ಇನ್ನೇನೂ ಇರಲಿಲ್ಲ. ಮಾನ ಮುಚ್ಚಲೂ ಅದೇ ಆಯಿತು.

ಆಮೇಲಿನ ದಿನಗಳು ನನಗೆ ಶಿಕ್ಷೆ. ಧೋಂಡು ಹೊತ್ತು ಮುಳುಗುವ ಒಂದು ತಾಸು ಮೊದಲೇ ಪದ್ಮಣ್ಣನಿಗೆ ಬಡಿಸುತ್ತಿದ್ದ. ನನಗೆ ದಿನಕ್ಕೆ ನಾಲ್ಕು ಸಲ ಚಹಾ. ಸೇಠರು ತಮ್ಮ ಜೀವದಂಥ ಬುರುಡೆಯನ್ನು ಹಿಂದೆ ಮುಂದೆ ನೋಡದೆ ಎಸೆದರೆಂದು ಎಲ್ಲರ ಮುಂದೆ ಹೇಳುತ್ತಿದ್ದ. ಹೇಳುವಾಗ ಕಣ್ಣಲ್ಲಿ ನೀರು. ನಾನು ಚಹಾ ಹಿಡಿದುಕೊಂಡು ಕಟಕಟೆಯ ಕಡೆ ಹೋಗಿಬಿಡುತ್ತಿದ್ದೆ.

ಒಂದು ಸಂಜೆ ಪದ್ಮಣ್ಣನಿಗೆ ಅಂದೆ, “ಸ್ವಲ್ಪ ತಡಾ ಆತು, ಅಲ್ಲೇನೋ?”

ಅವನು ರೊಟ್ಟಿ ಅಗಿಯುತ್ತಿದ್ದವನು ನಿಲ್ಲಿಸಿದ. “ಆರು ಸಲ ಬಡದಿ. ನಾ ಎಣಿಸೇನಿ” ಅಂದ. ಮತ್ತೆ ಅಗಿಯತೊಡಗಿದ.

ಅದಕ್ಕೇ ದೂರ ಹೋಗುವವರಿಗೆ ಹೇಳುತ್ತೇನೆ: ರೊಟ್ಟಿ ಮರೆತರೂ ಮರೆಯಿರಿ, ಇದನ್ನು ಮರೆಯಬೇಡಿ. ಯಾವುದಕ್ಕೂ ಬಾರದ ಒಂದು ಒರಟು ಬುರುಡೆಗೆ ಹಗ್ಗ ಕಟ್ಟಿ ಹಡಗಿನ ಹಿಂಬದಿಯಲ್ಲಿ ಮೊದಲ ದಿನವೇ ತೂಗುಹಾಕಿರಿ. ಕಣ್ಣು ಮುಚ್ಚಿ ಎಸೆಯುವಂತಿರಬೇಕು. ಆರಿಸುವ ಕೆಲಸ ಆ ಹೊತ್ತಿಗೆ ಬರಬಾರದು. ಪೆಟ್ಟಿಗೆಯ ಹಗ್ಗವನ್ನು ನೀವೇ ಎಳೆದು ನೋಡಿಕೊಳ್ಳಿರಿ.

ಮತ್ತೆ ಮಿರಜ

ಮೊದಲ ಮಳೆ ನಮ್ಮ ಬೆನ್ನಿಗೇ ಬಂತು. ಮನೆ ಮುಟ್ಟಿದ ಮರುದಿನವೇ ಉಳಿದ ಬುರುಡೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಓಣಿಗೆ ಹೊರಟೆ. ಪದ್ಮಣ್ಣ ತಾನೂ ಬರುತ್ತೇನೆಂದ. ನಾನು ಸುಳ್ಳು ಹೇಳಿಬಿಡುತ್ತೇನೆಂಬ ಹೆದರಿಕೆಯೋ, ಖರೆ ಹೇಳಿಬಿಡುತ್ತೇನೆಂಬ ಹೆದರಿಕೆಯೋ, ಗೊತ್ತಿಲ್ಲ.

ಚಾಚಾ ಎದ್ದು ನಿಲ್ಲಲು ಹೋದರು, ಕೈ ಆಸರೆ ಕೊಡಲಿಲ್ಲ. “ಬರ್ರಿ, ಬರ್ರಿ, ಕುಂದ್ರಿ. ಆ ಕಪ್ಪು ಮಾರಿ ನೋಡು, ಗುರತ ಸಿಗವಲ್ತು!” ಅಂದರು. ಬಟ್ಟೆ ಬಿಚ್ಚಿದೆ. ಅವರು ಬುರುಡೆಯ ಮೈ ಸವರಿದರು, ಗೋಡೆಯ ದಪ್ಪ ನೋಡಲು ತೊಟ್ಟಿನ ಬಳಿ ಉಗುರು ಒತ್ತಿದರು, ಮುಖ ಅರಳಿತು. ಆಮೇಲೆ ನನ್ನ ಹಿಂದೆ ನೋಡಿದರು.

“ಎರಡನೇದು?”

ಹಡಗಿನಲ್ಲಿ ಒಡೆಯಿತು ಅಂದಿದ್ದರೆ ಮುಗಿಯುತ್ತಿತ್ತು. ಅದು ಸುಳ್ಳೂ ಅಲ್ಲ. ಆದರೆ ಬುರುಡೆ ಬಡಿಯುವುದನ್ನು ಕಲಿಸಿದ ಮನುಷ್ಯನ ಮುಂದೆ ಕುಳಿತಿದ್ದೆ. ಎಲ್ಲವನ್ನೂ ಹೇಳಿದೆ. ಧೋಂಡು ಬಿದ್ದದ್ದು, ನಾನು ಬಡಿದದ್ದು, ಕಡಿಮೆಯದನ್ನು ಆರಿಸಿ ಎಸೆದದ್ದು. “ನಿಮ್ಮ ಜೋಡೀನೂ ಮುರದೆ, ಮುಳುಗಾವಗೂ ಹುಳುಕ ಮಾಲು ಕೊಟ್ಟೆ ಚಾಚಾ. ಎಂಥಾ ಮನಿಷ್ಯಾ ಆದೆ ನಾನು” ಅಂದೆ.

ಚಾಚಾ ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡರು. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ಕಣ್ಣು ಮುಚ್ಚಿ, ಮೂರು ಕಡೆ ಬಡಿದರು. ಮತ್ತೊಮ್ಮೆ ಮೂರು ಕಡೆ ಬಡಿದರು.

“ಗಾಳಿ ಇತ್ತೇನು ಅವತ್ತು?”

“ಇತ್ರಿ, ಭಾಳ.”

“ಅಂವ ಒದರಾಕತ್ತಿದ್ದ?”

“ಎಲ್ಲಾರೂ ಒದರಾಕತ್ತಿದ್ರು.”

“ಮತ್ತ ಅಂಥಾ ಗದ್ದಲದಾಗ ಬುರುಡಿ ಮಾತು ಯಾರಿಗೆ ಕೇಳ್ತೈತೋ ಹುಚ್ಚಾ? ನಿನ್ನ ಕಿವಿ ಇನ್ನೂ ಹಸಿ ಐತಿ.” ಬುರುಡೆಯನ್ನು ಗೋಡೆಗೆ ಒರಗಿಸಿ ಇಟ್ಟರು. “ಚಲೋದು ಅವಗ ಒಗದೀ. ಕಡಿಮಿದು ನನಗ ತಂದೀ.”

ನನಗೆ ಅಳು ತಡೆಯಲಿಲ್ಲ. ಮೂಗು ಸೋರುವ ಹಾಗೆ ಅತ್ತೆ. ವ್ಯಾಪಾರದಲ್ಲಿ ಮೋಸ ಹೋಗಿ ಅಷ್ಟು ಸಂತೋಷ ಪಟ್ಟದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಪದ್ಮಣ್ಣ ಬಾಗಿಲ ಕಡೆ ಮುಖ ತಿರುಗಿಸಿ ಮಳೆ ನೋಡುತ್ತ ಕುಳಿತ.

“ಜೋಡಿ ಹೋತು, ಹೋಗ್ಲಿ” ಅಂದರು ಚಾಚಾ. “ಒಂದ ಮಾಡತೀನಿ. ಒಂದ ಇದ್ರ ಕೈಗೂ ಹಗುರ.”

ದೀಪಾವಳಿಯ ಹೊತ್ತಿಗೆ ತಂಬೂರಿ ಸಿದ್ಧವಾಯಿತು. ಓಣಿಯವರೆಲ್ಲ ಕೇಳಲು ಬಂದರು. ಇಂಥ ದನಿಯನ್ನು ತಮ್ಮ ಅಪ್ಪಂದಿರೂ ಕೇಳಿರಲಿಕ್ಕಿಲ್ಲ ಅಂದರು. ಹೊರಗೆ ಬಂದ ಮೇಲೆ ಪದ್ಮಣ್ಣ ನನ್ನ ಮುಖ ನೋಡಿದ. “ಕಡಿಮಿದು ಹಿಂಗ ಹಾಡತೈತೇನೋ? ಚಾಚಾ ಅವತ್ತು ಖರೇನ...” ಎಂದು ಶುರುಮಾಡಿದ.

“ಸುಮ್ಮನ ನಡಿ” ಅಂದೆ.

ಚಾಚಾನ ಅಂಗಡಿಗೆ ನಾನು ಈಗಲೂ ವಾರಕ್ಕೆರಡು ಸಲ ಹೋಗುತ್ತೇನೆ. ತಂಬೂರಿ ಅಲ್ಲೇ ಮೂಲೆಯಲ್ಲಿದೆ, ಕೈಗೆ ಎಟುಕುವಷ್ಟು ಹತ್ತಿರ. ಅದನ್ನೊಂದನ್ನು ಮಾತ್ರ ನಾನು ಇಂದಿನವರೆಗೆ ಬಡಿದು ನೋಡಿಲ್ಲ.